ನಿಲ್ಲದ ಹೆಸರುಗಳು, ನೀಲಿ ದಾರ

ಪಾವಗಡದಲ್ಲಿ ನಲ್ಲಿ ನೀರು ಬರುವ ಮೊದಲು ಪೈಪು ಒಂದು ಸಲ ಕೆಮ್ಮುತ್ತದೆ. ಆ ಕೆಮ್ಮಿಗೆ ಕಿವಿಯಿಟ್ಟುಕೊಂಡೇ ನಾನು ಬೆಳಗಿನ ಒಲೆ ಹಚ್ಚುವುದು. ಅವತ್ತೂ ಹಾಗೆಯೇ ಆಯಿತು. ಕೊಡ, ಬಿಂದಿಗೆ, ಕೊನೆಗೆ ಕುಕ್ಕರಿನ ತಳದ ಪಾತ್ರೆಯನ್ನೂ ತುಂಬಿಸಿಟ್ಟೆ. ಮಧುಗಿರಿಯ ಕಚೇರಿಗೆ ಹೋಗುವ ನಮ್ಮ ಮನೆಯವರು ಚಿತ್ರಾನ್ನದ ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೊರಟರು. ಹಿಂದಿನ ದಿನ ಮಹಡಿಯ ಮೇಲೆ ಹಾಕಿದ್ದ ಸಂಡಿಗೆಗೆ ಇನ್ನೊಂದು ಬಿಸಿಲು ಬೇಕಿತ್ತು. ಹಾಳೆಯ ನಾಲ್ಕು ಮೂಲೆಗೂ ಕಲ್ಲಿಟ್ಟು ಕೆಳಗೆ ಬಂದೆ. ಬಂದವಳು ಮತ್ತೆ ಹತ್ತಿ ಹೋಗಿ ಕಲ್ಲುಗಳು ಸರಿಯಾಗಿ ಕೂತಿವೆಯೇ ಎಂದು ನೋಡಿದೆ. ಅವತ್ತು ಬೆಳಿಗ್ಗೆಯಿಂದಲೇ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಹೂ ಕಟ್ಟಲು ಕೂತರೆ ಬಾಳೆನಾರು ಒಣಗಿ ಪುಡಿಯಾಗುತ್ತಿತ್ತು. ಪಕ್ಕದ ಮನೆಯ ಅಕ್ಕ ಜಾಕೀಟು ಹೊಲಿಯುವವರು. ಕಾಂಪೌಂಡಿನ ಆಚೆಯಿಂದ ದಾರ ಕೇಳಿದೆ.

"ಬಿಳೀದು ಖಾಲಿ ಕಣಮ್ಮ. ನೀಲಿ ಐತೆ, ಆಗ್ತೈತಾ?" ಎಂದು ರೀಲನ್ನು ಗೋಡೆಯ ಮೇಲಿಟ್ಟರು. "ಸಾಯಂಕಾಲ ವಾಪಸ್ ಕೊಟ್ಬುಡು. ಒಂದು ಜಾಕೀಟಿಗೆ ತೋಳು ಬಾಕಿ ಐತೆ. ಹೂವಾ? ಎವರಿಕಿ, ಯಾರ್ಗೆ ಇಷ್ಟೊಂದು?"

"ಲಾಟರಿಯಲ್ಲಿ ಹೆಸರು ಬರುವವರಿಗೆ ಅಕ್ಕ. ಹತ್ತು ಜನಕ್ಕೆ."

ಹಿತ್ತಲಿನ ಕಾಕಡ, ನಡುನಡುವೆ ಕುಂಡದಲ್ಲಿ ಬೆಳೆದ ಮರುಗ. ನೀಲಿ ದಾರ ಹೂವಿನ ಹೊಟ್ಟೆಯಲ್ಲಿ ಮುಚ್ಚಿಹೋದರೂ ಎರಡು ತುದಿಯ ಗಂಟಿನಲ್ಲಿ ಎದ್ದು ಕಾಣುತ್ತಿತ್ತು. ಚೆನ್ನಾಗಿಲ್ಲ ಅನ್ನಿಸಿತು. ಆದರೆ ಬೇರೆ ದಾರ ತರಲು ಹೊತ್ತಿರಲಿಲ್ಲ.

ವಿಷಯ ಇಷ್ಟು. ಒಂದು ಟ್ರಸ್ಟಿನವರು ಹೆಂಗಸರಿಗೆ ಬ್ಯಾಟರಿ ಆಟೋ ಓಡಿಸುವುದನ್ನು ಕಲಿಸಿ, ಲೈಸೆನ್ಸ್ ಮಾಡಿಸಿಕೊಡಲು ಮುಂದೆ ಬಂದಿದ್ದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಹೀಗೆ ತಾಲ್ಲೂಕಿಗೊಂದು ಗಾಡಿ, ಒಂದು ತಂಡ. ತಂಡಕ್ಕೆ ಹತ್ತೇ ಜನ. ನಮ್ಮ ಮಹಿಳಾ ಸಂಘಕ್ಕೆ ಬಂದ ಅರ್ಜಿಗಳು ಅದರ ಮೂರರಷ್ಟಕ್ಕೂ ಹೆಚ್ಚು. ಹಿಂದೊಮ್ಮೆ ಬಿಂದಿಗೆಯಲ್ಲಿ ಚೀಟಿ ಹಾಕಿ ಎತ್ತಿದಾಗ, ಒಂದು ಚೀಟಿಯನ್ನು ಮಾತ್ರ ಬೇರೆ ಥರ ಮಡಚಿದ್ದರು ಎಂದು ಯಾರೋ ಅಂದು, ಆ ಮಾತು ತಿಂಗಳುಗಟ್ಟಲೆ ಬೀದಿಬೀದಿ ಸುತ್ತಿತ್ತು. ಅದಕ್ಕೇ ಈ ಸಲ ಕಂಪ್ಯೂಟರಿನಲ್ಲಿ ಎತ್ತೋಣ ಎಂದವಳು ನಾನು. ಸಂಘದಲ್ಲಿ ಎಕ್ಸೆಲ್ ತಿಳಿದವಳು ನಾನೊಬ್ಬಳೇ. ಕಾನ್ವೆಂಟಿನಲ್ಲಿ ಕಲಿತದ್ದು, ಮರೆಯದೆ ಉಳಿದಿತ್ತು.

ನಾನು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಒಂದು ಹಾಳೆಯಲ್ಲಿ ಎಲ್ಲರ ಹೆಸರು. ಪ್ರತಿ ಹೆಸರಿನ ಎದುರಿಗೆ ರ್‍ಯಾಂಡ್ ಎಂಬ ಸೂತ್ರ. ಅದು ತನಗೆ ತೋಚಿದ ಒಂದು ಸಂಖ್ಯೆಯನ್ನು ಕೊಡುತ್ತದೆ. ದೊಡ್ಡ ಸಂಖ್ಯೆ ಬಂದ ಹತ್ತು ಹೆಸರು ಎರಡನೆಯ ಹಾಳೆಯಲ್ಲಿ ತಾವಾಗಿಯೇ ಬಂದು ಕೂರುತ್ತವೆ. ಎಫ್ ನೈನ್ ಕೀಲಿ ಒತ್ತಿದರೆ ಸಂಖ್ಯೆಗಳೆಲ್ಲ ಬದಲಾಗಿ ಹೊಸ ಹತ್ತು ಹೆಸರು. ಒತ್ತುತ್ತಾ ಹೋಗುವುದು, ಕೂತವರಲ್ಲಿ ಒಬ್ಬರು "ಸಾಕು" ಅಂದಾಗ ಕೈ ತೆಗೆಯುವುದು. ಯಾರ ಕೈವಾಡವೂ ಇಲ್ಲ ಎಂದು ಎಲ್ಲರಿಗೂ ಕಾಣಬೇಕು, ಅಷ್ಟೆ.

ಸಂಘದ ಹಾಲ್ ಹೆಂಗಸರಿಂದ ತುಂಬಿತ್ತು. ಬಾಡಿಗೆಯ ಪ್ರೊಜೆಕ್ಟರಿನ ಬೆಳಕು ಸುಣ್ಣದ ಗೋಡೆಯ ಮೇಲೆ ಬಿದ್ದಿತ್ತು. ಕಿಟಕಿಯ ಬಿಸಿಲಿಗೆ ಅಕ್ಷರಗಳು ಸ್ವಲ್ಪ ಮಾಸಿದ್ದರೂ ಓದಬಹುದಿತ್ತು. ಸಂಘದ ಅಧ್ಯಕ್ಷೆ ನಿವೃತ್ತ ಶಿಕ್ಷಕಿ. ನಮಗೆಲ್ಲ ಅವರು ಟೀಚರಮ್ಮ. ಅವರು ಮುಂದಿನ ಸಾಲಿನ ಅಜ್ಜಿಯೊಬ್ಬರಿಗೆ "ನೀವು ಸಾಕು ಅನ್ನಬೇಕು ನೋಡಿ" ಎಂದು ಹೇಳಿಕೊಟ್ಟರು. ನಾನು ಒತ್ತತೊಡಗಿದೆ. ಹೆಸರುಗಳು ಮೇಲೆ ಕೆಳಗೆ ಹಾರಾಡಿದವು. ಹೆಂಗಸರು ನಕ್ಕರು. ಅಜ್ಜಿ ಆ ಆಟ ನೋಡುತ್ತಾ ಸಾಕು ಅನ್ನುವುದನ್ನೇ ಮರೆತು ಕೂತಿತ್ತು.

"ಅಜ್ಜೀ, ಸಾಕು ಅನ್ನೇ! ನಮ್ ಎದೆ ಒಡ್ದೋಗ್ತೈತೆ," ಎಂದು ಹಿಂದಿನಿಂದ ಯಾರೋ ಕೂಗಿದರು.

"ಸಾಕು ಬುಡವ್ವ."

ಟೀಚರಮ್ಮ ಹತ್ತೂ ಹೆಸರು ಕರೆದರು. ಬಂದವರಿಗೆ ನಾನೇ ಅರಿಶಿನ ಕುಂಕುಮ ಕೊಟ್ಟು ಹೂವು ಕೊಟ್ಟೆ. ಒಬ್ಬಳು ಬಲಸಮುದ್ರದ ಕಡೆಯವಳು. ಸೋಲಾರ್ ಪಾರ್ಕಿನಲ್ಲಿ ಫಲಕಗಳ ಕೆಳಗೆ ಹುಲ್ಲು ಕೀಳುವ ಕೆಲಸದವಳು. ಕುಂಕುಮ ಹಚ್ಚುವಾಗ ನೋಡಿದೆ, ಮುಖದ ಮೇಲರ್ಧ ಕಪ್ಪು, ಕೆಳಗರ್ಧ ತಿಳಿ. ದಿನವೂ ಬಾಯಿಗೆ ಬಟ್ಟೆ ಸುತ್ತಿಕೊಂಡ ಗುರುತು.

"ದಿನಾ ಆಟೋ ಹಿಂದೆ ಕಂಬಿ ಹಿಡ್ಕಂಡು ನೇತಾಡ್ಕಂಡು ಹೋಗ್ತೀನಮ್ಮ," ಎಂದಳು. "ಒಂದಿನ ನಾನೇ ಮುಂದೆ ಕುಂತ್ಕಂಡು ಹಾರನ್ ಹೊಡೀಬೇಕು. ಅದೊಂದೇ."

ಪ್ರೊಜೆಕ್ಟರಿನವನಿಗೆ ಬೇರೆ ಕಡೆ ಹೋಗಬೇಕಿತ್ತು. ತಂತಿ ಸುತ್ತಿಕೊಂಡು ಹೊರಟ. ಲ್ಯಾಪ್‌ಟಾಪಿನ ಪರದೆ ನನ್ನೊಬ್ಬಳ ಮುಂದೆ ಉಳಿಯಿತು. ಆಗ ಟೀಚರಮ್ಮ ಬಗ್ಗಿ ನೋಡಿ, "ಅಯ್ಯೋ, ಮೇಲೆ ಶ್ರೀ ಹಾಕೇ ಇಲ್ವಲ್ಲಮ್ಮ. ಹಾಗೇ ಪ್ರಿಂಟ್ ಕೊಟ್ಟುಬಿಡ್ತಿದ್ವಿ," ಎಂದರು. ಹೌದಲ್ಲ, ಅಂಗಡಿಯ ಲೆಕ್ಕದಿಂದ ಮದುವೆಯ ಸಾಮಾನಿನ ಪಟ್ಟಿಯವರೆಗೆ ಶ್ರೀ ಇಲ್ಲದೆ ನಮ್ಮಲ್ಲಿ ಯಾವ ಹಾಳೆಯೂ ಶುರುವಾಗುವುದಿಲ್ಲ. ಮೇಲಿನ ಖಾಲಿ ಚೌಕದಲ್ಲಿ ಶ್ರೀ ಎಂದು ಬರೆದು ಎಂಟರ್ ಒತ್ತಿದೆ. ಮಧ್ಯಕ್ಕೆ ತಂದೆ, ದಪ್ಪ ಮಾಡಿದೆ, ಕೆಂಪು ಬಣ್ಣ ಕೊಟ್ಟೆ. ಚೆಂದ ಕಂಡಿತು. ನನ್ನ ಕಣ್ಣೆಲ್ಲ ಆ ಒಂದು ಅಕ್ಷರದ ಮೇಲಿತ್ತು. ಪ್ರಿಂಟ್ ತೆಗೆಸಿ ಬಾಗಿಲಿಗೆ ಅಂಟಿಸಿದೆವು. ಅದರದೇ ಫೋಟೋ ವಾಟ್ಸಾಪ್ ಗುಂಪಿಗೆ ಹೋಯಿತು. ಶಿರಾದಲ್ಲಿದ್ದ ಟ್ರಸ್ಟಿನ ಸಂಯೋಜಕರಿಗೆ ಫೈಲನ್ನು ಮೇಲ್ ಮಾಡಿದೆ. ಸಂಜೆಯೊಳಗೆ ಅವರು ಹೆಸರುಗಳನ್ನು ದಾಖಲಿಸಬೇಕಿತ್ತು.

ಲೋಟಗಳನ್ನು ಜೋಡಿಸುತ್ತಿದ್ದೆ. ಬಾಗಿಲ ಹತ್ತಿರ ಗದ್ದಲ ಕೇಳಿಸಿತು. ಬಸ್‌ಸ್ಟ್ಯಾಂಡಿಗೆ ಹೋಗಿದ್ದ ಬಲಸಮುದ್ರದವಳು ವಾಪಸ್ ಬಂದು ಅಂಟಿಸಿದ ಹಾಳೆಯ ಮುಂದೆ ನಿಂತಿದ್ದಳು. ಜೊತೆಯವಳ ಫೋನಿನಲ್ಲಿ ಪಟ್ಟಿ ನೋಡಿದಳಂತೆ.

"ಅಮ್ಮಾ, ನನ್ನೆಸ್ರು ಎಲ್ಲಿ? ಗೋಡೆ ಮ್ಯಾಲೆ ಇತ್ತಲ್ಲ. ನಾನೇ ಓದ್ದೆ."

ಹತ್ತಿರ ಹೋಗಿ ಓದಿದೆ. ಅವಳ ಹೆಸರು ಇರಲಿಲ್ಲ. ಅವಳದೊಂದೇ ಅಲ್ಲ, ನನ್ನ ಕೈಯಿಂದ ಹೂವು ತೆಗೆದುಕೊಂಡ ಇನ್ನೂ ಹಲವರ ಹೆಸರು ಇರಲಿಲ್ಲ. ನಾನು ಕುಂಕುಮವನ್ನೇ ಕೊಡದವರ ಹೆಸರುಗಳಿದ್ದವು. ವೈ.ಎನ್.ಹೊಸಕೋಟೆಯ ಹುಡುಗಿಯೊಬ್ಬಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನಿನಲ್ಲಿ, "ಅಮ್ಮಾ, ನಾ ಪೇರು ವಚ್ಚಿಂದಿ! ಮೊದ್ಲು ಬರ್ಲಿಲ್ಲ ಅನ್ಕಂಡಿದ್ದೆ, ಲಿಸ್ಟಾಗೈತೆ ನನ್ನೆಸ್ರು," ಎಂದು ಹೇಳುತ್ತಿದ್ದಳು. ನಾನು ಹಾಳೆಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ.

ಅದೇ ಹೊತ್ತಿಗೆ ಶಿರಾದಿಂದ ಫೋನು. "ಏನ್ ಮೇಡಂ ಇದು ತಮಾಷಾ? ಗುಂಪಿನಲ್ಲಿ ಒಂದು ಪಟ್ಟಿ ಹಾಕಿದೀರ, ಮೇಲ್‌ನಲ್ಲಿ ಇನ್ನೊಂದು. ಫೈಲು ತೆರೆದು ಎನೇಬಲ್ ಎಡಿಟಿಂಗ್ ಬಟನ್ ಒತ್ತಿದ ಕೂಡಲೆ ಹೆಸರುಗಳೇ ಬದಲಾದವು."

ಗೋಡೆಯ ಮೇಲೆ ಒಂದು, ಬಾಗಿಲ ಮೇಲೆ ಒಂದು, ಶಿರಾದಲ್ಲಿ ಒಂದು. ಉಳಿದಿದ್ದ ಹೆಂಗಸರಲ್ಲಿ ಒಬ್ಬರು ನನಗೆ ಕೇಳಿಸುವ ಹಾಗೆಯೇ ಅಂದರು: "ಬಿಂದಿಗೆ ಆದ್ರೆ ಎಲ್ರ ಮುಂದೆ ಇರ್ತಿತ್ತು. ಕಂಪ್ಯೂಟ್ರು ಅವರ ತೊಡೆ ಮ್ಯಾಲೈತೆ. ಹೆಂಗೆ ಬೇಕಾದ್ರೂ ತಿರುಗಿಸ್ತಾರೆ."

ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ.

ಮೊದಲು ಮಾಡಿದ್ದೇ ತಪ್ಪು. ಕಂಟ್ರೋಲ್ ಝಡ್ ಒತ್ತಿದರೆ ಹಿಂದಿನದು ಬರುತ್ತದೆ ಎಂಬ ನಂಬಿಕೆ. ಒತ್ತಿದೆ. ಮೊದಲು ಕೆಂಪು ಬಣ್ಣ ಹೋಯಿತು, ಇನ್ನೂ ಒತ್ತಿದಾಗ ಶ್ರೀಯೂ ಅಳಿಸಿಹೋಯಿತು, ಹೆಸರುಗಳು ಮಾತ್ರ ಹಳೆಯ ಜಾಗಕ್ಕೆ ಬರಲಿಲ್ಲ. ನಾಲ್ಕನೆಯ ಒಂದು ಪಟ್ಟಿ ಬಂತು. ಇನ್ನೊಮ್ಮೆ ಒತ್ತಲು ಬೆರಳು ಹೋಯಿತು, ತಡೆದೆ. ಕಾನ್ವೆಂಟಿನ ಕಂಪ್ಯೂಟರ್ ಕೋಣೆಯಲ್ಲಿ ನಮ್ಮ ಸಿಸ್ಟರ್ ಒಬ್ಬರು, ಏನಾದರೂ ಕೆಟ್ಟರೆ ಮೊದಲು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನು ನೋಡಿಸುತ್ತಿದ್ದರು. ಹಾಗೆ ಕೂತೆ. ಕೂತರೂ ಕಾಲು ಸುಮ್ಮನಿರಲಿಲ್ಲ. ಕಿಟಕಿಯಾಚೆ ಗಾಳಿ ಎದ್ದಿತ್ತು, ಸಂಡಿಗೆಯ ಹಾಳೆಯ ನೆನಪು ಬಂತು.

ಆಮೇಲೆ ಒಂದೊಂದನ್ನೇ ಪರೀಕ್ಷೆ ಮಾಡಿದೆ. ಹೆಸರುಗಳಿಗೆ ಸಂಬಂಧವೇ ಇಲ್ಲದ ದೂರದ ಒಂದು ಚೌಕದಲ್ಲಿ ಒಂದು ಚುಕ್ಕೆ ಬರೆದು ಎಂಟರ್ ಒತ್ತಿದೆ. ರ್‍ಯಾಂಡ್ ಸಾಲಿನ ಸಂಖ್ಯೆಗಳೆಲ್ಲ ರೆಪ್ಪೆ ಬಡಿದ ಹಾಗೆ ಬದಲಾದವು. ಚುಕ್ಕೆ ಅಳಿಸಿದೆ, ಮತ್ತೆ ಬದಲಾದವು. ಅಂದರೆ ಎಫ್ ನೈನ್ ಒತ್ತಿದಾಗ ಮಾತ್ರ ಅಲ್ಲ, ಹಾಳೆಯ ಯಾವ ಮೂಲೆಯಲ್ಲಿ ಏನು ಬರೆದರೂ ಎಕ್ಸೆಲ್ ತನ್ನಷ್ಟಕ್ಕೆ ಎಲ್ಲ ಲೆಕ್ಕವನ್ನೂ ಹೊಸದಾಗಿ ಮಾಡುತ್ತದೆ. ಬೇರೆ ಲೆಕ್ಕವಾದರೆ ಅದೇ ಉತ್ತರ ಬರುತ್ತದೆ, ಗೊತ್ತಾಗುವುದಿಲ್ಲ. ರ್‍ಯಾಂಡ್ ಪ್ರತಿ ಸಲ ಹೊಸ ಉತ್ತರ ಕೊಡುತ್ತದೆ. ಗೋಡೆಯ ಮೇಲಿನ ಹತ್ತು ಹೆಸರುಗಳನ್ನು ಚೆದುರಿಸಿದ್ದು ನಾನು ಅಕ್ಕರೆಯಿಂದ ಕೆಂಪು ಬಣ್ಣ ಬಳಿದ ಆ ಶ್ರೀ.

ಫಾರ್ಮುಲಾಸ್ ಎಂಬಲ್ಲಿ ಕ್ಯಾಲ್ಕುಲೇಷನ್ ಆಪ್ಷನ್ಸ್ ಇತ್ತು. ಅಲ್ಲಿ ಆಟೋಮ್ಯಾಟಿಕ್ ಎಂದಿದ್ದುದನ್ನು ಮ್ಯಾನ್ಯುಯಲ್ ಮಾಡಿದೆ. ಚುಕ್ಕೆ ಬರೆದೆ. ಹೆಸರುಗಳು ಅಲುಗಲಿಲ್ಲ. ಇನ್ನೊಂದು ಬರೆದೆ. ಇಲ್ಲ. ಅಬ್ಬ ಎಂದು ಸೇವ್ ಒತ್ತಿದೆ. ಕಣ್ಣೆದುರೇ ಮತ್ತೆ ಎಲ್ಲ ಹಾರಿದವು. ಹುಡುಕಿದರೆ, ಆಪ್ಷನ್ಸ್ ಒಳಗೆ, ಉಳಿಸುವ ಮೊದಲು ಒಮ್ಮೆ ಲೆಕ್ಕ ಮಾಡು ಎಂಬ ಸಾಲಿನ ಪಕ್ಕ ಒಂದು ಸರಿ ಗುರುತು ಮೊದಲೇ ಕೂತಿತ್ತು. ಅದನ್ನು ತೆಗೆದೆ. ಸೇವ್ ಮಾಡಿದೆ, ಹೆಸರು ನಿಂತವು. ಮುಚ್ಚಿದೆ. ಅರ್ಜಿಗಳ ಫೈಲಿನಲ್ಲಿ ಒಬ್ಬರ ಊರು ನೋಡಬೇಕಿತ್ತು, ಅದನ್ನು ತೆರೆದು, ಆಮೇಲೆ ಲಾಟರಿಯ ಫೈಲು ತೆರೆದೆ. ಮತ್ತೆ ಹೊಸ ಹತ್ತು ಜನ!

ಅಳು ಬರುವಂತಾಯಿತು. ಎದ್ದು ಹೋಗಿ ನೀರು ಕುಡಿದು ಬಂದೆ. ಕಾರಣ ಆಮೇಲೆ ತಿಳಿಯಿತು. ಮ್ಯಾನ್ಯುಯಲ್ ಎಂಬುದು ಆ ಫೈಲಿಗೆ ಮಾತ್ರ ಅಂಟಿಕೊಂಡ ಗುಣವಲ್ಲ. ಎಕ್ಸೆಲ್ಲಿನಲ್ಲಿ ಮೊದಲು ಯಾವ ಫೈಲು ತೆರೆಯುತ್ತೇವೋ ಅದರ ಕ್ರಮವೇ ಆಮೇಲೆ ತೆರೆದವಕ್ಕೂ ನಡೆಯುತ್ತದೆ. ಅರ್ಜಿಗಳ ಫೈಲು ಆಟೋಮ್ಯಾಟಿಕ್ ಆಗಿತ್ತು, ಇದೂ ಆಯಿತು. ನಾನು ಇಲ್ಲಿ ಎಷ್ಟು ಕಟ್ಟಿಹಾಕಿದರೂ ಶಿರಾದವರ ಯಂತ್ರದಲ್ಲಿ ಇದು ಬಿಚ್ಚಿಕೊಳ್ಳುತ್ತದೆ. ಸೂತ್ರವನ್ನು ಉಳಿಸಿಕೊಂಡು ಅದನ್ನು ಸುಮ್ಮನಿರು ಎಂದು ಗದರಿಸುವುದು ದಂಡ. ಹೆಸರುಗಳನ್ನು ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಎಂದು ಆರಿಸಿ, ಸೂತ್ರ ಕಿತ್ತು ಬರೀ ಅಕ್ಷರಗಳಾಗಿ ಇಳಿಸಬೇಕಿತ್ತು. ಅಜ್ಜಿ ಸಾಕು ಅಂದ ಕ್ಷಣದಲ್ಲೇ ಮಾಡಬೇಕಿತ್ತು.

ಈಗ ಇಳಿಸಬಹುದು. ಆದರೆ ಯಾವ ಹತ್ತನ್ನು?

ಟೀಚರಮ್ಮ ಬಳಲಿದ್ದರು. "ಪರದೆ ಮೇಲೆ ಈಗ ಯಾವುದಿದೆಯೋ ಅದನ್ನೇ ಕಳಿಸಿಬಿಡಮ್ಮ. ಎಲ್ಲವೂ ಲಾಟರಿಯೇ ತಾನೆ?" ಎಂದರು. ಸಂಯೋಜಕರೂ ಫೋನಿನಲ್ಲಿ ಅದನ್ನೇ ಅಂದರು. ಲೆಕ್ಕದ ದೃಷ್ಟಿಯಿಂದ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಒಂದು ಪಟ್ಟಿಗಿಂತ ಇನ್ನೊಂದು ಹೆಚ್ಚು ನ್ಯಾಯದ್ದಲ್ಲ. ಆದರೆ ಹೊರಗೆ ಬೆಂಚಿನ ತುದಿಯಲ್ಲಿ ಬಲಸಮುದ್ರದವಳು ಬಸ್ಸು ತಪ್ಪಿಸಿಕೊಂಡು ಕೂತಿದ್ದಳು. ಎಲ್ಲರ ಎದುರಿಗೆ ಸಾಕು ಅಂದದ್ದು ಒಂದೇ ಪಟ್ಟಿಗೆ. ಉಳಿದವು ಯಂತ್ರ ತನ್ನ ಪಾಡಿಗೆ ಆಡಿದ್ದು.

"ಗೋಡೆಯದೇ ಬೇಕು ಟೀಚರಮ್ಮ," ಎಂದೆ.

"ಗೋಡೆ ಏನು ಬರೆದಿಟ್ಟುಕೊಂಡಿದೆಯಾ?"

ನಾವೂ ಬರೆದಿಟ್ಟುಕೊಂಡಿರಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಫೋನಿನ ಫೋಟೋಗಳಲ್ಲಿ ಗೋಡೆ ಬಿಸಿಲಿಗೆ ಬರೀ ಬೆಳ್ಳಗೆ ಬಂದಿತ್ತು. ಟೀಚರಮ್ಮನಿಗೂ ನನಗೂ ನೆನಪಿನಿಂದ ಆರೇಳು ಹೆಸರು ಹೊಂದುತ್ತಿದ್ದವು, ಮುಂದಕ್ಕೆ ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದೆವು. ಹೊರಗೆ ಬಂದೆ. ಬಲಸಮುದ್ರದವಳು ಜಡೆಗೆ ಮುಡಿದ ಹೂವನ್ನು ಮುಂದಕ್ಕೆ ಎಳೆದು ತೋರಿಸಿದಳು. "ನೀವೇ ಕೊಟ್ಟಿದ್ದಲ್ವಾ ಇದು?"

"ಹೂವ ಬಸ್‌ಸ್ಟ್ಯಾಂಡಾಗೂ ಸಿಗ್ತೈತೆ," ಎಂದರು ಬಿಂದಿಗೆಯ ಮಾತೆತ್ತಿದ್ದ ಆ ಹೆಂಗಸು.

ನಾನು ನೋಡಿದ್ದು ಹೂವನ್ನಲ್ಲ. ತುದಿಯ ಗಂಟಿನಲ್ಲಿ ನೀಲಿ ದಾರ.

ಬೆಳಿಗ್ಗೆ ಚೆನ್ನಾಗಿಲ್ಲ ಅನ್ನಿಸಿದ ಅದೇ ದಾರ. ಊರಿನ ಯಾವ ಹೂವಾಡಗಿತ್ತಿಯೂ ನೀಲಿ ದಾರದಲ್ಲಿ ಕಟ್ಟುವುದಿಲ್ಲ. ಅರ್ಜಿ ಹಾಕಿದ ಎಲ್ಲರಿಗೂ ಫೋನ್ ಮಾಡುವುದು, ಯಾರಿಗೂ ಕಾರಣ ಹೇಳದೆ ಒಂದೇ ಪ್ರಶ್ನೆ ಕೇಳುವುದು ಎಂದು ಅಲ್ಲೇ ತೀರ್ಮಾನಿಸಿದೆ. ಹಾಲಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಕೇಳಿದೆ. ಟೀಚರಮ್ಮ ನಂಬರು ಓದಿದರು, ನಾನು ಸ್ಪೀಕರಿನಲ್ಲಿಟ್ಟು ಕೇಳುತ್ತಾ ಹೋದೆ. ಇವತ್ತು ಹಾಲಿನಲ್ಲಿ ನಿಮಗೆ ಹೂವು ಕೊಟ್ಟೆನಾ? ಕೊಟ್ಟಿದ್ದರೆ ಅದರ ದಾರ ಯಾವ ಬಣ್ಣ?

"ದಾರನಾ? ಯಾಕ್ ಮೇಡಂ, ವಾಪಸ್ ಬೇಕಾ?" ಎಂದು ಒಬ್ಬಳು ಗಾಬರಿಯಾದಳು. ಇನ್ನೊಬ್ಬಳು ಬಸ್ಸಿನಲ್ಲೇ ಪಕ್ಕದವಳ ಹತ್ತಿರ ಜಡೆ ನೋಡಿಸಿದಳು. "ನೋಡ್ಲೇ, ಎಂಥಾ ದಾರ ಹೇಳೇ... ನೀಲಿ ಅಂತೆ ಮೇಡಂ." ಒಬ್ಬರು ದೇವರ ಪಟಕ್ಕೆ ಏರಿಸಿಬಿಟ್ಟಿದ್ದರು. "ಇರಿ, ಸ್ಟೂಲ್ ಹಾಕ್ಕಂಡು ಹತ್ತಿ ನೋಡ್ತೀನಿ," ಎಂದು ಫೋನನ್ನು ಹಾಗೇ ಇಟ್ಟು ಹೋದರು. ಸ್ಟೂಲ್ ಎಳೆದ ಸದ್ದು, ಘಂಟೆಯೊಂದು ತಾಗಿದ ಸದ್ದು, ಆಮೇಲೆ ದೂರದಿಂದ, "ನೀಲಿ! ನೀಲಿ ಐತೆ!" ಟೀಚರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬಿಳಿ ಎಂದವರು ಇಬ್ಬರು. ಅವರದು ಮನೆಯಿಂದ ಮುಡಿದು ಬಂದ ಹೂವು. ನೀಲಿ ಎಂದವರನ್ನು ಟೀಚರಮ್ಮ ಬರೆದುಕೊಂಡರು. ಕೊನೆಗೆ ಸರಿಯಾಗಿ ಹತ್ತಾದರು. ನಾನು ಕಟ್ಟಿದ್ದೂ ಹತ್ತೇ.

ಹೊಸಕೋಟೆಯ ಹುಡುಗಿಯನ್ನು ಕೊನೆಗೆ ಕರೆದೆ. ಬೇಕೆಂದೇ ತಡ ಮಾಡಿದೆನೇನೋ. ಅವಳು ಹಾಲಿನಲ್ಲೇ ಇದ್ದವಳು, ಈ ಪ್ರಶ್ನೆ ಅಷ್ಟು ಹೊತ್ತಿಗೆ ಗೋಡೆ ದಾಟಿ ಅವಳ ಕಿವಿಗೆ ಹತ್ತು ಸಲ ಬಿದ್ದಿರುತ್ತದೆ. ಉತ್ತರವೂ ಬಿದ್ದಿರುತ್ತದೆ.

"ನಂಗೆ ಕೊಟ್ಟಿಲ್ಲ ಮೇಡಂ," ಎಂದಳು. "ಹೂವು ಕೊಟ್ಟಿಲ್ಲ."

ನಡೆದದ್ದನ್ನೆಲ್ಲ ಹೇಳಿದೆ. ಚುಕ್ಕೆ ಬರೆದು ಹೆಸರುಗಳು ಹಾರುವುದನ್ನೂ ತೋರಿಸಿದೆ. ಅವಳು ಪರದೆಯ ಕಡೆ ಬೆರಳು ತೋರಿಸಿದಳು. "ಅಂದ್ರೆ ಕಂಪ್ಯೂಟ್ರು ಸುಳ್ಳು, ದಾರ ನಿಜ ಅಂತೀರಾ?"

"ಈ ಸಲ ಹೌದಮ್ಮ. ತಪ್ಪು ನನ್ನದು. ಮನೆಗೆ ನಾನೇ ಫೋನ್ ಮಾಡಿ ಹೇಳಲಾ?"

"ಬ್ಯಾಡ ಬುಡಿ. ನಾನೇ ಹೇಳ್ತೀನಿ." ಬುಟ್ಟಿಯಲ್ಲಿ ಒಂದಿಷ್ಟು ಬಿಡಿ ಹೂವು ಉಳಿದಿತ್ತು, ಬೊಗಸೆಯಲ್ಲಿ ಅವಳ ಮುಂದೆ ಹಿಡಿದೆ. "ಹೂವು ಬ್ಯಾಡ ಮೇಡಂ, ಮುಂದಿನ ಸಲ ಹೆಸ್ರೇ ಕೊಡಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾವು ಕೊಟ್ಟಿದ್ದ ಕಾಫಿ ಲೋಟದಲ್ಲಿ ಹಾಗೇ ಕೆನೆಗಟ್ಟಿತ್ತು.

ಹೊಸ ಫೈಲು ತೆರೆದು ಹತ್ತು ಹೆಸರುಗಳನ್ನೂ ಕೈಯಿಂದಲೇ ಟೈಪ್ ಮಾಡಿದೆ. ಒಂದು ಸೂತ್ರವೂ ಇಲ್ಲ. ಬಲಸಮುದ್ರದವಳು ನನ್ನ ಹಿಂದೆ ನಿಂತು, ತನ್ನ ಹೆಸರಿನ ಒಂದೊಂದು ಅಕ್ಷರ ಬೀಳುವುದನ್ನೂ ನೋಡಿದಳು. ಬಾಗಿಲಿನ ಹಾಳೆ ಕಿತ್ತೆವು. ಮೇಲ್ ಕಳಿಸಿ, ಶಿರಾದವರು ಫೈಲು ತೆರೆದು ಹೆಸರುಗಳನ್ನು ಓದುವವರೆಗೂ ಫೋನು ಕೆಳಗಿಡಲಿಲ್ಲ. ಅವರು ಓದಿದ್ದು, ನನ್ನ ಮುಂದಿದ್ದದ್ದು ಎರಡೂ ಒಂದೇ.

ಪ್ರಿಂಟಿಗೆ ಕೊಡುವಾಗ ಟೀಚರಮ್ಮ ಹಿಂಜರಿಯುತ್ತಲೇ, "ಶ್ರೀ...?" ಎಂದರು.

ಮೇಲಿನ ಚೌಕಕ್ಕೆ ಹೋದೆ. ಬರೆದೆ. ಎಂಟರ್ ಒತ್ತುವ ಮೊದಲು ಮೂವರೂ ಪರದೆಯ ಹತ್ತಿರಕ್ಕೆ ಬಗ್ಗಿದೆವು. ಒತ್ತಿದೆ. ಹೆಸರುಗಳು ಇದ್ದಲ್ಲೇ ಇದ್ದವು.

"ನಿಂತ್ಕಂಡ್ವು," ಎಂದಳು ಬಲಸಮುದ್ರದವಳು. ಮುಂದಿನ ಬಸ್ಸಿಗೆ ಓಡಿದಳು. ಬಾಗಿಲು ದಾಟುವಾಗ ಹೆಬ್ಬೆರಳಿನಿಂದ ಗಾಳಿಯಲ್ಲೇ ಒಂದು ಹಾರನ್ ಒತ್ತಿದ್ದನ್ನು ನಾನು ನೋಡಿದೆ.

ಮನೆ ಸೇರಿದಾಗ ಸಂಜೆಯಾಗಿತ್ತು. ಚಪ್ಪಲಿ ಬಿಡದೆಯೇ ಮಹಡಿಗೆ ಹತ್ತಿದೆ. ಹಾಳೆ ಇರಲಿಲ್ಲ, ಕಲ್ಲುಗಳು ಮಾತ್ರ ಇದ್ದವು. ಗೋಡೆಯಾಚೆ ತಮ್ಮ ಮಹಡಿಯಲ್ಲಿ ಪಕ್ಕದ ಮನೆಯ ಅಕ್ಕ ಮೊರದಲ್ಲಿ ನನ್ನ ಸಂಡಿಗೆ ಹಾಕಿಕೊಂಡು ಮುರಿದವನ್ನು ಆರಿಸುತ್ತಿದ್ದರು.

"ಗಾಳಿ ಬಂತು, ತೆಗ್ದಿಟ್ಟೆ. ಎಲ್ಲೇ ನನ್ ರೀಲು?"

ರೀಲು ಕೊಟ್ಟೆ. ಮುಖ ಯಾಕೆ ಹಂಗಾಗೈತೆ ಅಂದರು. ಲಾಟರಿ, ಎಂಟರ್, ಹಾರಿದ ಹೆಸರುಗಳು, ದಾರದ ಬಣ್ಣ, ಲೋಟದಲ್ಲಿ ಉಳಿದ ಕಾಫಿ, ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಏನು ಬರೆದರೂ ಹೆಸರುಗಳು ಬದಲಾಗುತ್ತಿದ್ದವು, ಕೊನೆಯಲ್ಲಿ ಶ್ರೀ ಬರೆದದ್ದೇ ಇಷ್ಟಕ್ಕೆಲ್ಲ ಕಾರಣವಾಯಿತು ಎಂದೆ. ಅವರು ರೀಲಿನ ತುದಿ ಹುಡುಕಿ, ನಾಲಗೆಗೆ ತಾಗಿಸಿ, ಕಣ್ಣು ಕಿರಿದು ಮಾಡಿ ಸೂಜಿಗೆ ಪೋಣಿಸಿದರು.

"ಕೊನೇಗೆ ಯಾರಾದ್ರೂ ಶ್ರೀ ಬರೀತಾರಾ? ಮೊದ್ಲೇ ಬರ್ದು ಶುರು ಮಾಡಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ ಬುಡು."